ದೊಡ್ಡ ನಾಯಿ ನಮ್ಮನ್ನು ಹಚ್ಚಿಕೊಳ್ಳುತ್ತದೆಯೇ?

ಬೀದಿಯಿಂದ ಕಾಪಾಡಿ ತಂದ ನಾಯಿ-ಬೆಕ್ಕುಗಳ ಆಶ್ರಯಧಾಮಕ್ಕೆ ಹೋದ ಹೆಚ್ಚಿನವರು ಮೊದಲು ಕೇಳುವುದು, "ಮರಿ ಇದೆಯಾ?" ಬೆಳೆದ ನಾಯಿ ಕಂಬಿಯ ಹಿಂದೆ ಬಾಲ ಅಲ್ಲಾಡಿಸುತ್ತಲೇ ಇರುತ್ತದೆ. "ದೊಡ್ಡದಾದ ಮೇಲೆ ಅದು ನಮ್ಮನ್ನು ಹಚ್ಚಿಕೊಳ್ಳುತ್ತದೆಯೇ?" ಎಂದು ಮನೆಯಲ್ಲಿ ಅನುಮಾನ.

ಮಕ್ಕಳೇ, ಈ ಅನುಮಾನವನ್ನು ಹಂಗೇರಿ ದೇಶದ ವಿಜ್ಞಾನಿಗಳು ಪರೀಕ್ಷಿಸಿಯೇ ನೋಡಿದರು. ಆಶ್ರಯಧಾಮದ ಬೆಳೆದ ನಾಯಿಗಳ ಜೊತೆ ಒಬ್ಬರು ಸಲಕ್ಕೆ 10 ನಿಮಿಷದಂತೆ ಬರೀ 3 ಸಲ ಕಳೆದರು. ಆಮೇಲೆ ನಾಯಿಯನ್ನು ಗೊತ್ತಿಲ್ಲದ ಕೋಣೆಗೆ ಕರೆತಂದರು. ಪರಿಚಯದವರು ಹೊರಗೆ ಹೋಗುವುದು, ಅಪರಿಚಿತರು ಒಳಗೆ ಬರುವುದು, ಮತ್ತೆ ಪರಿಚಯದವರು ಬರುವುದು, ಇದೇ ಪರೀಕ್ಷೆ. (ಮೊದಲು ಇದನ್ನು ರೂಪಿಸಿದ್ದು ಅಮ್ಮಂದಿರ ಜೊತೆಗಿನ ಪುಟ್ಟ ಮಕ್ಕಳಿಗಾಗಿ!) ಆ ಅರ್ಧ ಗಂಟೆಯ ಒಡನಾಟವೇ ಸಾಕಾಗಿತ್ತು. ಪರಿಚಯದವರು ಒಳಗೆ ಬಂದರೆ ನಾಯಿಗಳು ಅವರ ಬಳಿ ಹೋಗುತ್ತಿದ್ದವು. ಅಪರಿಚಿತರ ಹಿಂದೆ ಅಷ್ಟಾಗಿ ಹೋಗುತ್ತಿರಲಿಲ್ಲ. ಈ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನನಗಂತೂ ಓದಿ ಖುಷಿಯಾಯಿತು.

ಹಾಗಾದರೆ ಮನೆಗೆ ಬಂದ ದಿನ ಅದೇ ನಾಯಿ ಊಟ ಬಿಟ್ಟು ಮೂಲೆ ಹಿಡಿಯುವುದೇಕೆ? ಹೆದರಿಕೆಯಾದಾಗ ಮೈಯೊಳಗೆ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ನಮ್ಮಲ್ಲೂ ಅಷ್ಟೇ, ನಾಯಿಯಲ್ಲೂ ಅಷ್ಟೇ. ಅದರ ಮೇಲೆ ನಾಯಿಯ ಮೂಗು ನಮ್ಮದಕ್ಕಿಂತ ಎಷ್ಟೋ ಪಟ್ಟು ಚುರುಕು. ನಮಗೆ ಏನೂ ತಿಳಿಯದ ಕೋಣೆಯಲ್ಲಿ ಅದಕ್ಕೆ ನೂರಾರು ಹೊಸ ವಾಸನೆ! ಅವನ್ನೆಲ್ಲ ಮೂಸಿ ತಿಳಿದುಕೊಳ್ಳಲು ಹೊತ್ತು ಬೇಡವೇ?

ಬೆಕ್ಕಿನ ಉಪಾಯ ಬೇರೆ. ಅದು ಅಡಗುತ್ತದೆ. ಮಂಚದ ಕೆಳಗೆ ನುಸುಳಿದರೆ ನೀವು ಕೈ ಹಾಕಿ ಎಳೆಯುತ್ತೀರಿ ತಾನೇ? ದಯವಿಟ್ಟು ಬೇಡ. ನೆದರ್ಲೆಂಡ್ಸ್‌ನ ಒಂದು ಆಶ್ರಯಧಾಮದಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಅಡಗಲು ಒಂದೊಂದು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಡಬ್ಬ ಸಿಕ್ಕ ಬೆಕ್ಕುಗಳು ಮೂರು ನಾಲ್ಕು ದಿನದಲ್ಲೇ ನಿರಾಳವಾದವು. ಉಳಿದವಕ್ಕೆ ಇನ್ನಷ್ಟು ದಿನ ಬೇಕಾಯಿತು. ಅಂಗಡಿಯಿಂದ ತಂದ ಬಿಸ್ಕತ್ತಿನ ರಟ್ಟಿನ ಡಬ್ಬವೇ ಸಾಕು, ದುಡ್ಡು ಬೇಡ.

ಬೆಳೆದ ಪ್ರಾಣಿ ತರುವುದರಲ್ಲಿ ಒಂದು ಲಾಭವೂ ಇದೆ. ಮರಿ ಮುಂದೆ ಎಷ್ಟು ಎತ್ತರ ಬೆಳೆದೀತು, ಎಂಥ ಸ್ವಭಾವದ್ದಾದೀತು ಎಂದು ಹೇಳುವುದು ಕಷ್ಟ. ಬೆಳೆದ ನಾಯಿ ಕಣ್ಣೆದುರಿಗೇ ಇರುತ್ತದೆ, ಅದರ ಗುಣ ನೋಡಿಕೊಳ್ಳುವವರಿಗೆ ಗೊತ್ತಿರುತ್ತದೆ. ಅದರ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಕಂಡರೆ ಗಾಯವೆಂದು ಮರುಗಬೇಡಿ. ನಮ್ಮ ದೇಶದಲ್ಲಿ ಬೀದಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎನ್ನಲು ಹಾಕುವ ಗುರುತು ಅದು.

ಬೆಕ್ಕು ಡಬ್ಬದಿಂದ ಇಣುಕಿದಾಗ ದಿಟ್ಟಿಸಿ ನೋಡಬೇಡಿ. ಕಣ್ಣನ್ನು ಮೆಲ್ಲಗೆ ಅರೆಮುಚ್ಚಿ, ಮುಚ್ಚಿ, ತೆರೆಯಿರಿ. ಹೀಗೆ ಮಾಡಿದವರು ಅಪರಿಚಿತರಾದರೂ ಅವರ ಚಾಚಿದ ಕೈಯ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬರುತ್ತವೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಮೊದಲ ಸಲಕ್ಕೇ ಬರಲಿಲ್ಲವೇ? ಡಬ್ಬದ ಪಕ್ಕ ಊಟ, ನೀರು ಇಟ್ಟು ನೀವು ಹೋಂವರ್ಕ್ ಮುಗಿಸಿಕೊಳ್ಳಿ.