ಕಡಲ ತಡಿಯ ಕಛೇರಿ: ಎರಾಲ್ ಗಾರ್ನರ್ ಮತ್ತು ಅಭಿಮಾನಿಗಳ ಹೊಣೆ



ಜಾಝ್ ಪ್ರಿಯರು ತಲೆಮಾರುಗಳಿಂದ ಜೋಪಾನ ಮಾಡಿಕೊಂಡು ಬಂದಿರುವ ಧ್ವನಿಮುದ್ರಿಕೆಗಳಲ್ಲಿ ‘ಕಾನ್ಸರ್ಟ್ ಬೈ ದ ಸೀ’ ಒಂದು. ಪಿಯಾನೋ ವಾದಕ ಎರಾಲ್ ಗಾರ್ನರ್ 1955ರ ಸೆಪ್ಟೆಂಬರ್ 19ರಂದು ಕ್ಯಾಲಿಫೋರ್ನಿಯಾದ ಕಡಲ ತಡಿಯ ಊರಾದ ಕಾರ್ಮೆಲ್‌ನಲ್ಲಿ, ಸನ್‌ಸೆಟ್ ಶಾಲೆಯ ಸಭಾಂಗಣದಲ್ಲಿ ನಡೆಸಿಕೊಟ್ಟ ಕಛೇರಿ ಅದು. ಅದನ್ನು ಮೆಚ್ಚುವವರಿಗೆ ಲೆಕ್ಕವಿಲ್ಲ. ಆದರೆ ಆ ಮೆಚ್ಚುಗೆಯೊಳಗೆ ಗಾರ್ನರ್ ಎಂಬ ದುಡಿಮೆಗಾರನಿಗೆ ಎಷ್ಟು ಜಾಗವಿದೆ ಎಂಬುದು ಇಂದು ಪರಿಶೀಲಿಸಬೇಕಾದ ಪ್ರಶ್ನೆ.

ಈ ಮುದ್ರಿಕೆಯ ಹುಟ್ಟೇ ಒಂದು ಆಕಸ್ಮಿಕ. ಅಂದು ಯಾವ ಕಂಪನಿಯೂ ಧ್ವನಿಮುದ್ರಣಕ್ಕೆಂದು ಬಂದಿರಲಿಲ್ಲ. ವಿಲ್ ಥಾರ್ನ್‌ಬರಿ ಎಂಬ ಜಾಝ್ ಅಭಿಮಾನಿ ತನಗಾಗಿ ಮತ್ತು ಸೇನೆಯಲ್ಲಿದ್ದ ತನ್ನ ಜೊತೆಗಾರರಿಗಾಗಿ ಟೇಪ್ ಯಂತ್ರವೊಂದನ್ನು ಓಡಿಸುತ್ತಿದ್ದರು. ಗಾರ್ನರ್ ಅವರ ವ್ಯವಸ್ಥಾಪಕಿ ಮಾರ್ಥಾ ಗ್ಲೇಸರ್ ಆ ಟೇಪನ್ನು ಪಡೆದು ಕೊಲಂಬಿಯಾ ಕಂಪನಿಯ ನಿರ್ಮಾಪಕ ಜಾರ್ಜ್ ಅವಾಕಿಯನ್ ಅವರಿಗೆ ಕೇಳಿಸಿದರು. ಪಿಯಾನೋದ ಶ್ರುತಿ ಪೂರ್ತಿ ಕೂಡಿರಲಿಲ್ಲ. ಎಡ್ಡಿ ಕ್ಯಾಲ್ಹೂನ್ ಅವರ ಡಬಲ್ ಬಾಸ್ ಕಿವಿಗೊಟ್ಟರಷ್ಟೇ ಕೇಳುತ್ತಿತ್ತು. ಡೆಂಜಿಲ್ ಬೆಸ್ಟ್ ಅವರ ಡ್ರಮ್ಸ್ ಎಲ್ಲೋ ದೂರದಲ್ಲಿ ನುಡಿದಂತಿತ್ತು. ಸ್ಟುಡಿಯೋದ ಅಳತೆಗೋಲಿನಲ್ಲಿ ಅದು ತಿರಸ್ಕಾರಕ್ಕೆ ಯೋಗ್ಯವಾದ ಟೇಪು. ಜನ ಮಾತ್ರ ಅದನ್ನು ಎದೆಗಪ್ಪಿಕೊಂಡರು. 1958ರ ವೇಳೆಗೆ ಅದರ ಮಾರಾಟ ಹತ್ತು ಲಕ್ಷ ಡಾಲರುಗಳನ್ನು ಮುಟ್ಟಿತ್ತು.

ಜನ ಕೇಳಿದ್ದೇನು? ಮೊದಲನೆಯದು, ಎರಡು ಕೈಗಳ ನಡುವಿನ ಸಲ್ಲಾಪ. ಗಾರ್ನರ್ ಅವರ ಎಡಗೈ ಗಿಟಾರ್ ಮೀಟುವವನ ಕೈಯಂತೆ ಪ್ರತಿ ಆವರ್ತದ ನಾಲ್ಕು ಪೆಟ್ಟುಗಳನ್ನೂ ತಪ್ಪದೆ ಇಡುತ್ತದೆ. ಬಲಗೈ ಅದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ತಾಳ ಕೆಡುವುದಿಲ್ಲ, ಆದರೆ ಆ ಸಣ್ಣ ವಿಳಂಬದಿಂದಾಗಿ ಇಡೀ ಸಂಗೀತ ತೂಗುಯ್ಯಾಲೆಯಂತೆ ಜೀಕತೊಡಗುತ್ತದೆ. ಲಯದ ಮೇಲೆ ಪೂರ್ಣ ಹಿಡಿತವಿಲ್ಲದವರು ಲಯವನ್ನು ಹೀಗೆ ಸಡಿಲಿಸಲಾರರು.

ಎರಡನೆಯದು, ಅವರ ಪೀಠಿಕೆಗಳು. ‘ಐ ವಿಲ್ ರಿಮೆಂಬರ್ ಏಪ್ರಿಲ್’ ಹಾಡಿನಿಂದ ಮುದ್ರಿಕೆ ಆರಂಭವಾಗುತ್ತದೆ. ದಪ್ಪ ಸ್ವರಗುಚ್ಛಗಳ ಅಬ್ಬರದಲ್ಲಿ ಯಾವ ಹಾಡು ಬರಲಿದೆ ಎಂಬ ಸುಳಿವನ್ನೇ ಅವರು ಬಿಟ್ಟುಕೊಡುವುದಿಲ್ಲ. ಅವರು ಮುಂದೆ ಯಾವ ಹಾಡಿಗೆ ಹೊರಳುತ್ತಾರೆಂಬುದು ಜೊತೆಯ ವಾದಕರಿಗೂ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಒಮ್ಮೆಲೇ ಪರಿಚಿತ ಮಟ್ಟು ಹೊರಬರುತ್ತದೆ. ಬಾಸ್ ಮತ್ತು ಡ್ರಮ್ಸ್ ಜೊತೆಗೂಡುತ್ತವೆ. ಕೇಳುಗರ ಉಸಿರು ಸಡಿಲವಾಗುತ್ತದೆ. ‘ಆಟಮ್ ಲೀವ್ಸ್’ನಲ್ಲಿ ಇದೇ ಕೈಗಳು ನಿಧಾನಗೊಂಡು, ಅಲೆ ದಡಕ್ಕೆ ಬಂದು ಮರಳುವಂತೆ ಸ್ವರಗಳನ್ನು ಹರಡುತ್ತವೆ. ನಡುನಡುವೆ ಗಾರ್ನರ್ ತಾವೇ ಹೂಂಕರಿಸುವುದು, ಗುನುಗುವುದು ಟೇಪಿನಲ್ಲಿ ಉಳಿದಿದೆ. ಮನೋಧರ್ಮ ಸಂಗೀತಕ್ಕೆ ಒಗ್ಗಿದ ಕಿವಿಗಳಿಗೆ ಈ ಸದ್ದು ಅಪರಿಚಿತವೇನಲ್ಲ: ಯೋಚನೆ ಬೆರಳಿಗೆ ಇಳಿಯುವ ಮುನ್ನ ಗಂಟಲಲ್ಲಿ ಮಿಡಿಯುವ ಸದ್ದು ಅದು.

ಗಾರ್ನರ್ 1921ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಹುಟ್ಟಿದರು. ಸ್ವರಲಿಪಿಯನ್ನು ಓದಲು ಅವರು ಎಂದೂ ಕಲಿಯಲಿಲ್ಲ. ಈ ಕಾರಣಕ್ಕಾಗಿಯೇ ಊರಿನ ಸಂಗೀತಗಾರರ ಸಂಘ ಅವರಿಗೆ ಸದಸ್ಯತ್ವ ನಿರಾಕರಿಸಿತ್ತು. 1956ರಲ್ಲಿ, ಹೆಸರು ದೇಶವನ್ನೆಲ್ಲ ಸುತ್ತಿದ ಮೇಲೆ, ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ಅಭಿಮಾನಿಗಳು ಈ ಸಂಗತಿಯನ್ನು ಕೊಂಡಾಟದಿಂದ ಹೇಳುವುದುಂಟು: ಓದದೆಯೇ ಬಂದ ವಿದ್ಯೆ, ದೇವರು ಕೊಟ್ಟ ವರ, ಹುಟ್ಟು ಪ್ರತಿಭೆ. ಈ ಹೊಗಳಿಕೆಯನ್ನು ತುಸು ಅನುಮಾನದಿಂದ ನೋಡಬೇಕಾಗಿದೆ. ಕರಿಯ ಕಲಾವಿದನ ಕೌಶಲವನ್ನು ‘ಸಹಜ’ ಎಂದು ಕರೆದ ಕ್ಷಣವೇ ಅವನ ಅಭ್ಯಾಸ, ಆಲೋಚನೆ, ಆಯ್ಕೆಗಳು ಕಣ್ಮರೆಯಾಗುತ್ತವೆ. ಶ್ರಮವಿಲ್ಲದೆ ಬಂದದ್ದಕ್ಕೆ ಕೂಲಿಯೇಕೆ, ಒಡೆತನವೇಕೆ ಎಂಬ ವಾದ ಆ ಹೊಗಳಿಕೆಯ ಬೆನ್ನಿಗೇ ಬರುತ್ತದೆ. ಕನ್ನಡದ ಮೌಖಿಕ ಕಾವ್ಯಗಳ ಗಾಯಕರನ್ನು ‘ಅನಕ್ಷರಸ್ಥ ಪ್ರತಿಭೆ’ ಎಂದು ಕೊಂಡಾಡುತ್ತಲೇ ಮುಖಪುಟವನ್ನು ಸಂಪಾದಕರ ಹೆಸರಿಗೆ ಬಿಟ್ಟುಕೊಟ್ಟ ಪುಸ್ತಕಗಳನ್ನು ಕಂಡವರಿಗೆ ಈ ತರ್ಕ ಹೊಸದೆನಿಸದು.

ಆ ಕಛೇರಿಯ ಕಾಲವನ್ನೂ ನೆನೆಯಬೇಕು. ಮಿಸಿಸಿಪ್ಪಿಯಲ್ಲಿ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನ ಹತ್ಯೆಯಾಗಿ ಆಗ ಒಂದು ತಿಂಗಳೂ ಕಳೆದಿರಲಿಲ್ಲ. ಕಛೇರಿ ನಡೆದ ನಾಲ್ಕನೆಯ ದಿನ, ಬಿಳಿಯರೇ ತುಂಬಿದ್ದ ತೀರ್ಪುಗಾರರ ಮಂಡಳಿ ಆರೋಪಿಗಳಿಬ್ಬರನ್ನೂ ನಿರ್ದೋಷಿಗಳೆಂದು ಘೋಷಿಸಿತು. ಅಂಥ ದಿನಗಳಲ್ಲಿ ಕೇಳಿದ ಸಂಗೀತವಿದು. ಇದರ ಉಲ್ಲಾಸವನ್ನು ಮೈಮರೆವು ಎಂದು ತಿಳಿಯುವುದು ತಪ್ಪಾದೀತು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಆಸನ ಹಾಕುವ ಸಭೆಗಳಲ್ಲಿ ನುಡಿಸಲು ಗಾರ್ನರ್ ಒಪ್ಪುತ್ತಿರಲಿಲ್ಲ. ಮಾರ್ಥಾ ಗ್ಲೇಸರ್ ಕೂಡ ಷಿಕಾಗೋದಲ್ಲಿ ಜನಾಂಗೀಯ ಸಮಾನತೆಗಾಗಿ ದುಡಿದು ಬಂದವರು. ವೇದಿಕೆಯ ಮೇಲಿನ ನಗು ಮತ್ತು ಕಾಗದದ ಮೇಲಿನ ಕರಾರು, ಎರಡೂ ಅವರಿಗೆ ಘನತೆಯ ಪ್ರಶ್ನೆಗಳಾಗಿದ್ದವು.

ಇದರ ನಿಜವಾದ ಪರೀಕ್ಷೆ ನಡೆದದ್ದು ನ್ಯಾಯಾಲಯದಲ್ಲಿ. ತಮ್ಮ ಯಾವ ಮುದ್ರಿಕೆ ಹೊರಬರಬೇಕು, ಯಾವುದು ಬರಬಾರದು ಎಂದು ನಿರ್ಧರಿಸುವ ಹಕ್ಕನ್ನು ಗಾರ್ನರ್ 1956ರ ಕರಾರಿನಲ್ಲಿ ಬರೆಸಿಕೊಂಡಿದ್ದರು. ಆ ಕಾಲದ ಜಾಝ್ ಕಲಾವಿದರಿಗೆ ಇದು ಕನಸಿನಲ್ಲೂ ಸಿಗದ ಹಕ್ಕು. 1960ರಲ್ಲಿ ಕೊಲಂಬಿಯಾ ಅವರ ಒಪ್ಪಿಗೆಯಿಲ್ಲದೆ ಹಳೆಯ ಮುದ್ರಣಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಗಾರ್ನರ್ ಮೊಕದ್ದಮೆ ಹೂಡಿದರು. ದೇಶದ ಬಲಾಢ್ಯ ಕಂಪನಿಗಳಲ್ಲಿ ಒಂದರ ಎದುರು ಒಬ್ಬ ಕರಿಯ ಕಲಾವಿದ ನಿಂತದ್ದು ಸಣ್ಣ ಮಾತಲ್ಲ. ದೀರ್ಘ ಹೋರಾಟದ ಕೊನೆಗೆ ಕಂಪನಿ ಪರಿಹಾರ ಕೊಟ್ಟು, ಆ ಮುದ್ರಿಕೆಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಗಾರ್ನರ್ ಮತ್ತು ಗ್ಲೇಸರ್ ‘ಆಕ್ಟೇವ್’ ಎಂಬ ತಮ್ಮದೇ ಸಂಸ್ಥೆಯ ಮೂಲಕ ಧ್ವನಿಮುದ್ರಿಕೆಗಳನ್ನು ಹೊರತರತೊಡಗಿದರು. ಸ್ವರಲಿಪಿ ಓದಲಾರದವರೆಂದು ಸಂಘ ಹೊರಗಿಟ್ಟಿದ್ದ ವ್ಯಕ್ತಿ, ಕರಾರಿನ ಒಂದೊಂದು ಸಾಲಿನ ಬೆಲೆಯನ್ನೂ ಬಲ್ಲವರಾಗಿದ್ದರು.

ಗಾರ್ನರ್ 1977ರ ಜನವರಿ 2ರಂದು ತೀರಿಕೊಂಡರು. ಗ್ಲೇಸರ್ 2014ರವರೆಗೂ ಬದುಕಿದ್ದು, ಟೇಪು, ಪತ್ರ, ಕರಾರುಗಳನ್ನೆಲ್ಲ ಕಾಪಾಡಿದರು. ಆ ಸಂಗ್ರಹವಿಂದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದೆ. ಅದೇ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗವನ್ನು ಮುನ್ನಡೆಸುತ್ತಿದ್ದ ಪಿಯಾನೋ ವಾದಕಿ ಜೆರಿ ಆಲೆನ್ ಅವರ ಮುತುವರ್ಜಿಯಲ್ಲಿ 2015ರಲ್ಲಿ ಇಡೀ ಕಛೇರಿ ಹೊರಬಂತು. ಅರುವತ್ತು ವರ್ಷ ಯಾರೂ ಕೇಳದಿದ್ದ ಹನ್ನೊಂದು ಹಾಡುಗಳು ಅದರಲ್ಲಿದ್ದವು. ಬಾಸ್ ಈಗ ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಹೀಗೆ ಹಿನ್ನೆಲೆಯಲ್ಲಿ ಉಳಿದಿದ್ದ ಎಡ್ಡಿ ಕ್ಯಾಲ್ಹೂನ್ ಅವರ ದುಡಿಮೆಗೂ ತಡವಾಗಿಯಾದರೂ ನ್ಯಾಯ ಸಂದಿತು.

ಮಿತ್ರರೇ, ಅಭಿಮಾನವೊಂದು ದೊಡ್ಡ ಶಕ್ತಿ. ಈ ಮುದ್ರಿಕೆ ಲೋಕಕ್ಕೆ ದಕ್ಕಿದ್ದೇ ಒಬ್ಬ ಅಭಿಮಾನಿಯ ಟೇಪ್ ಯಂತ್ರದಿಂದ. ಆದರೆ ಅದನ್ನು ದುಡಿದವರ ಹಕ್ಕಾಗಿ ಉಳಿಸಿದ್ದು ಕರಾರು ಮತ್ತು ಹೋರಾಟ. ಸಂಗೀತವನ್ನು ಪ್ರೀತಿಸುವವರು ಅದರ ಒಡೆತನ ಯಾರದು, ಅದರ ಹಣ ಯಾರಿಗೆ ಸೇರುತ್ತಿದೆ ಎಂದು ಕೇಳುವುದನ್ನೂ ರೂಢಿ ಮಾಡಿಕೊಳ್ಳಬೇಕು. ಆ ಪ್ರಶ್ನೆಯಿಂದ ‘ಆಟಮ್ ಲೀವ್ಸ್’ನ ಮಾಧುರ್ಯ ಎಳ್ಳಷ್ಟೂ ಕಡಿಮೆಯಾಗದು, ಅದನ್ನು ನುಡಿಸಿದ ಕೈಗಳು ಮಾತ್ರ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ.