ತವರಿನ ಪಾಲು, ತಂಗಿಯ ಸಹಿ



ಮಹಿಳೆಯರ ಮಾನವ ಹಕ್ಕುಗಳ ಬಗ್ಗೆ ಮಾತಾಡಿ ಎಂದಿದ್ದೀರಿ. ಇಡೀ ವಿಷಯಕ್ಕೆ ಕೈಹಾಕದೆ, ವಕೀಲಳಾಗಿ ನಾನು ಮೇಲಿಂದ ಮೇಲೆ ಕಂಡ ಒಂದೇ ಒಂದು ಕಾಗದದ ಬಗ್ಗೆ ಮಾತಾಡುತ್ತೇನೆ. ಅದು ಹಕ್ಕು ಖುಲಾಸೆ ಪತ್ರ.

ಅಪ್ಪ ತೀರಿಕೊಂಡು ತಿಥಿ ಮುಗಿಯುವಷ್ಟರಲ್ಲಿ ಅಣ್ಣ ವಂಶವೃಕ್ಷ ಮಾಡಿಸಿರುತ್ತಾನೆ. ಪೌತಿ ಖಾತೆಯಾಗುವಾಗ ಹೆಣ್ಣುಮಕ್ಕಳ ಹೆಸರೂ ಸೇರಿದರೆ ಪಹಣಿ ಜಂಟಿಯಾಗುತ್ತದೆ, ನಾಳೆ ಸಾಲಕ್ಕೂ ಮಾರಾಟಕ್ಕೂ ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಹಾಗಾಗಿ ತಂಗಿಗೆ ಫೋನು ಹೋಗುತ್ತದೆ: "ಒಂದು ಸಹಿ ಬೇಕಿತ್ತು ಕಣವ್ವ, ಆಧಾರ್ ಕಾರ್ಡ್ ತಗೊಂಡು ಬಾ." ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಅಂಗಡಿಯಲ್ಲಿ ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಒಕ್ಕಣೆ ಮೊದಲೇ ಸಿದ್ಧವಿರುತ್ತದೆ, ಹೆಸರು, ಸರ್ವೆ ನಂಬರು ಬದಲಾಯಿಸಿದರೆ ಸಾಕು. ಮದುವೆ ಕಾಲದಲ್ಲಿ ಒಡವೆ ವಸ್ತ್ರ ಕೊಟ್ಟಿದ್ದಾರೆ, ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ಸಂದಿದೆ, ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಹಕ್ಕು ಬಿಟ್ಟಿದ್ದೇನೆ. ಅವಳು ಓದುವುದಿಲ್ಲ. ಅಣ್ಣನ ಎದುರು ಕೂತು ಕಾಗದ ಓದಿದರೆ ಅನುಮಾನಪಟ್ಟ ಹಾಗಾಗುತ್ತದಲ್ಲ! ಒಳಗೆ ಕ್ಯಾಮೆರಾದ ಮುಂದೆ ಮುಖ, ಯಂತ್ರದ ಮೇಲೆ ಹೆಬ್ಬೆರಳು. ನೋಂದಣಿ ಕಾಯ್ದೆಯ ಪ್ರಕಾರ ಅಧಿಕಾರಿ ವಿಚಾರಿಸಬೇಕಾದ್ದು, ಬಂದವಳು ಅವಳೇ ಹೌದೋ, ಪತ್ರ ಬರೆದುಕೊಟ್ಟದ್ದು ನಿಜವೋ ಎಂಬುದನ್ನು. ಏನನ್ನು ಬಿಡುತ್ತಿದ್ದೀಯಮ್ಮ ಎಂದು ಕೇಳುವುದು ಅವರ ಕೆಲಸವಲ್ಲ. ಹೊರಬಂದ ಮೇಲೆ ಹೋಟೆಲಿನಲ್ಲಿ ಊಟ, ಒಂದು ಸೀರೆ.

ಈ ಹೆಬ್ಬೆರಳಿನ ಹಿಂದೆ ಎಷ್ಟು ದೀರ್ಘ ಜಗಳವಿದೆ ನೋಡಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯ್ದೆ ತಂದು, ಮನೆ ಪಾಲಾಗುವಾಗ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಅಂಶ ಕೊಟ್ಟಿತು, ಅಣ್ಣತಮ್ಮಂದಿರಿಗಿಂತ ಕಡಿಮೆ. ಹಿಂದೂ ಸಂಹಿತೆ ಮಸೂದೆ ಸಂಸತ್ತಿನಲ್ಲಿ ನನೆಗುದಿಗೆ ಬಿದ್ದಾಗ ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. 1956ರ ಉತ್ತರಾಧಿಕಾರ ಕಾಯ್ದೆ ಬಂತು. ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡಿಗೇ ಉಳಿಯಿತು. ತಾಯಿ ಇಲ್ಲದ ಮನೆ, ಒಬ್ಬ ಮಗ, ಒಬ್ಬಳು ಮಗಳು ಎಂದಿಟ್ಟುಕೊಳ್ಳಿ. ಮಗನಿಗೆ ಮೊದಲೇ ಅರ್ಧ, ಅಪ್ಪನ ಅರ್ಧದಲ್ಲಿ ಮತ್ತೆ ಅರ್ಧ. ನಾಲ್ಕೆಕರೆಯಲ್ಲಿ ಅವನಿಗೆ ಮೂರು, ಅವಳಿಗೆ ಒಂದು.

ಆಂಧ್ರ, ತಮಿಳುನಾಡುಗಳ ನಂತರ ಕರ್ನಾಟಕವೂ ಎಚ್ಚೆತ್ತು 1994ರ ಜುಲೈ 30ರಿಂದ ಮಗಳನ್ನು ಸಹಭಾಗಿ ಎಂದಿತು. ಅದಕ್ಕೂ ಮೊದಲು ಮದುವೆಯಾದವಳಿಗೆ ಮಾತ್ರ ಇಲ್ಲ! ತಾಳಿ ಕಟ್ಟಿದ ತಾರೀಖು ನೋಡಿ ಹಕ್ಕು ಹಂಚುವ ಈ ತರ್ಕ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆಗ ಹೊಸ ತಕರಾರು ಹುಟ್ಟಿತು: ಆ ದಿನ ಅಪ್ಪ ಬದುಕಿರಬೇಕೇ? ನಮ್ಮ ರಾಜ್ಯದಿಂದಲೇ ಹೋದ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಹೌದು ಎಂದಿತು. ನಮ್ಮಲ್ಲಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ 2018ರಲ್ಲಿ, ಅಪ್ಪ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, ಅಪ್ಪ ಇದ್ದರೂ ಇಲ್ಲದಿದ್ದರೂ. ಬಾಯಿಮಾತಿನ ವಿಭಾಗವನ್ನು ಸುಮ್ಮನೆ ನಂಬಬೇಡಿ ಎಂದೂ ಹೇಳಿತು. ಹಳೇ ತಾರೀಖು ಹಾಕಿ ಪಂಚಾಯ್ತಿ ಪಾಲುಪಟ್ಟಿ ಹುಟ್ಟಿಸುವ ನಮ್ಮ ಕಡೆಯ ಜಾಣರಿಗೆ ಅದು ಸರಿಯಾದ ಪೆಟ್ಟು.

ಇಷ್ಟೆಲ್ಲ ಗೆದ್ದ ಮೇಲೆ ಹಕ್ಕು ಸೋಲುವುದು ಕೋರ್ಟಿನಲ್ಲಲ್ಲ, ಆ ಅಂಗಡಿಯಲ್ಲಿ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ಶೇ 14ರಷ್ಟು ಮಾತ್ರ. ಕಳೆ ತೆಗೆಯುವ, ನಾಟಿ ಹಾಕುವ ಕೈಗಳನ್ನು ಎಣಿಸಿದರೆ ಲೆಕ್ಕ ಬೇರೆಯೇ ಬರುತ್ತದೆ.

ತಂಗಿ ಯಾಕೆ ಸಹಿ ಹಾಕುತ್ತಾಳೆ? ಕಾನೂನು ಗೊತ್ತಿಲ್ಲದೆ ಎನ್ನುವುದು ಅರ್ಧ ನಿಜ. ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಶಾಲೆಯಲ್ಲಿ ಪಾಠ ಹೇಳುವವರೂ ಹಾಕುತ್ತಾರೆ. ಗಂಡ ಕೈಬಿಟ್ಟರೆ, ಮಗಳ ಬಾಣಂತನಕ್ಕೆ, ಪಂಚಮಿಗೆ, ಗೌರಿಹಬ್ಬಕ್ಕೆ ಹೋಗಲು ಒಂದು ಬಾಗಿಲು ಬೇಕು. ಪಾಲು ಕೇಳಿದವಳಿಗೆ ಆ ಬಾಗಿಲು ಮುಚ್ಚುತ್ತದೆ ಎಂಬುದು ಯಾರೂ ಬಾಯಿಬಿಟ್ಟು ಹೇಳದ ಷರತ್ತು. ಅವಳು ಆಸ್ತಿ ಕೊಟ್ಟು ತವರನ್ನು ಕೊಂಡುಕೊಳ್ಳುತ್ತಾಳೆ. ಅಣ್ಣನಿಗೆ ಅದೇ ತವರು ಪುಕ್ಕಟೆ. ಪಾಲು ಕೇಳೆಂದು ಗಂಡನ ಮನೆಯವರು ಹೊಡೆದು ಕಳಿಸುವುದೂ ಉಂಟು, ಅಂಥವರನ್ನೂ ಕಂಡಿದ್ದೇನೆ. ಅಲ್ಲಿಯೂ ಆಸ್ತಿ ಅವಳದಾಗುವುದಿಲ್ಲ.

ಇನ್ನೊಂದು ಮಾತು. ತಂಗಿಯ ಸಹಿ ಹಾಕಿಸಿಕೊಂಡ ಅಣ್ಣನ ಹೆಂಡತಿಯೂ ತನ್ನ ತವರಿನಲ್ಲಿ ಇಂಥದೇ ಕಾಗದಕ್ಕೆ ಸಹಿ ಹಾಕಿ ಬಂದವಳೇ. ಎಲ್ಲ ಹೆಣ್ಣುಮಕ್ಕಳೂ ಪಾಲು ತೆಗೆದುಕೊಂಡರೆ ಒಂದು ಮನೆಯಿಂದ ಹೋದದ್ದು ಇನ್ನೊಂದು ಮನೆಯಿಂದ ಬರುತ್ತದೆ. ಭೂಮಿ ಚೂರುಚೂರಾಗುತ್ತದೆ ಎಂದು ಮರುಗುವವರು ಐದು ಜನ ಗಂಡುಮಕ್ಕಳಿಗೆ ಹಂಚುವಾಗ ಮಾತ್ರ ಮರುಗಿದ್ದನ್ನು ನಾನು ಕಾಣೆ.

ಇದನ್ನು ಮನೆಯ ವಿಷಯ ಎಂದು ಬಿಡಬಹುದೇ? ಆಸ್ತಿ ಹೊಂದುವ ಹಕ್ಕು 1948ರ ಮಾನವ ಹಕ್ಕುಗಳ ಘೋಷಣೆಯ 17ನೇ ವಿಧಿಯಲ್ಲಿದೆ. ಹೆಣ್ಣು ಕೀಳು ಎಂಬ ಭಾವನೆಯ ಮೇಲೆ ನಿಂತ ರೂಢಿಗಳನ್ನು ಬದಲಿಸುವುದೂ ಸರ್ಕಾರದ ಹೊಣೆ ಎಂದು 1979ರ ಮಹಿಳಾ ತಾರತಮ್ಯ ನಿರ್ಮೂಲನಾ ಒಡಂಬಡಿಕೆಯ 5ನೇ ವಿಧಿ ಹೇಳುತ್ತದೆ. ಭಾರತ 1993ರಲ್ಲಿ ಅದನ್ನು ಅನುಮೋದಿಸಿತು. ಆದರೆ ಆ ವಿಧಿಯ ಬಗ್ಗೆ, ಯಾವುದೇ ಸಮುದಾಯದ ಖಾಸಗಿ ವಿಷಯದಲ್ಲಿ ಅದರ ಒಪ್ಪಿಗೆಯಿಲ್ಲದೆ ತಲೆಹಾಕುವುದಿಲ್ಲ ಎಂಬ ಹೇಳಿಕೆಯನ್ನೂ ಜೊತೆಗಿಟ್ಟಿತು. ಸರ್ಕಾರ ತಲೆಹಾಕದೆ ಬಿಟ್ಟ ಜಾಗದಲ್ಲೇ ಆ ಅಂಗಡಿ ನಡೆಯುತ್ತಿದೆ.

ಮನಸಾರೆ ಬಿಟ್ಟುಕೊಡುವ ಹಕ್ಕೂ ಅವಳದೇ, ಅದನ್ನು ತಡೆಯಿರಿ ಎನ್ನುತ್ತಿಲ್ಲ. ಮೋಸದಿಂದಲೋ ಒತ್ತಾಯದಿಂದಲೋ ಹಾಕಿಸಿಕೊಂಡ ಸಹಿಯಾದರೆ, ವಿಷಯ ತಿಳಿದ ಮೂರು ವರ್ಷದೊಳಗೆ ಪತ್ರ ರದ್ದುಪಡಿಸಲು ದಾವೆ ಹಾಕಬಹುದು. ಆದರೆ ಅಣ್ಣನ ಮೇಲೆ ದಾವೆ ಹಾಕುವವಳು ಮೊದಲೇ ಸಹಿ ಹಾಕುತ್ತಿರಲಿಲ್ಲ. ನಾನು ಕೇಳುವುದು ಸಣ್ಣ ಬದಲಾವಣೆ. ಬಿಟ್ಟುಕೊಡುವ ಜಮೀನಿನ ವಿಸ್ತೀರ್ಣ, ಅವಳ ಪಾಲು ಎಷ್ಟು ಗುಂಟೆ, ಇಂದಿನ ಮಾರ್ಗಸೂಚಿ ದರದಲ್ಲಿ ಅದರ ಬೆಲೆ ಎಷ್ಟು ಎಂಬುದನ್ನು ಪತ್ರದ ಮೊದಲ ಪುಟದಲ್ಲಿ ಅಕ್ಷರದಲ್ಲೂ ಅಂಕಿಯಲ್ಲೂ ಬರೆಯಬೇಕು. ಅಣ್ಣತಮ್ಮಂದಿರನ್ನು ಹೊರಗೆ ಕೂರಿಸಿ ಅಧಿಕಾರಿ ಅದನ್ನು ಅವಳಿಗೆ ಓದಿ ಹೇಳಬೇಕು. ಇದನ್ನು ಪರಿಚಯದ ಪತ್ರ ಬರಹಗಾರರೊಬ್ಬರಿಗೆ ಹೇಳಿದೆ. ಅವರು ನಕ್ಕು, "ಹಂಗ್ ಮಾಡಿದ್ರೆ ನಮ್ಮ ಅಂಗಡಿ ಅರ್ಧ ದಿನ ಬಾಗಿಲು ಹಾಕ್ಬೇಕು ಮೇಡಂ" ಅಂದರು.