ಕೆಚ್ಚಲು ಬಾವು: ಟ್ಯೂಬಿಗೆ ಮೊದಲು ಹಾಲಿನ ಮಾದರಿ

(ಬ್ಯಾಕೋಡಿನಲ್ಲಿ ಹಾಲು ಉತ್ಪಾದಕ ಸದಸ್ಯರಿಗೆ ನೀಡಿದ ಉಪನ್ಯಾಸ)



ಕೆಚ್ಚಲು ಬಾವು ಬಂದ ಹಸುವನ್ನು ನೋಡಲು ಕರೆದಾಗ ನಾನು ಮೊದಲು ಕೇಳುವುದು, “ಮೊಲೆಗೆ ಟ್ಯೂಬ್ ಏರಿಸಿದ್ದೀರಾ?” ಎಂದು. ಎಷ್ಟೋ ಮನೆಗಳಲ್ಲಿ ಏರಿಸಿಯೇ ಆಗಿರುತ್ತದೆ; ಹೋದ ಸಲದ್ದೊಂದು ಉಳಿದಿತ್ತಂತೆ! ಔಷಧಿ ಬಿದ್ದ ಮೇಲೆ ತೆಗೆದ ಹಾಲಿನಲ್ಲಿ ರೋಗಾಣು ಬೆಳೆಯದೆ ಹೋಗಬಹುದು. ಆಗ ಪ್ರಯೋಗಾಲಯದವರಿಗೂ ಕಳ್ಳ ಯಾರೆಂದು ಹೇಳಲಾಗದು.

ಬಾವು ಒಂದೇ, ಅದನ್ನು ತರುವ ಬ್ಯಾಕ್ಟೀರಿಯಾ ಹಲವು. ಪ್ರಯೋಗಾಲಯದಲ್ಲಿ ಹಾಲನ್ನು ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಗೀರಿ, 37 ಡಿಗ್ರಿ ಶಾಖದಲ್ಲಿ 24ರಿಂದ 48 ಗಂಟೆ ಇಡುತ್ತಾರೆ. ಬೆಳೆದ ಚುಕ್ಕೆಗೆ, ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯರು 1884ರಲ್ಲಿ ಪ್ರಕಟಿಸಿದ ವಿಧಾನದಂತೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೇರಳೆ ಗುಂಡುಗಳು ದ್ರಾಕ್ಷಿ ಗೊಂಚಲಿನಂತಿದ್ದರೆ ಸ್ಟೆಫಿಲೋಕಾಕಸ್, ಸರದಂತಿದ್ದರೆ ಸ್ಟ್ರೆಪ್ಟೋಕಾಕಸ್ ಎಂದು ಅನುಮಾನ. ಹೈಡ್ರೋಜನ್ ಪೆರಾಕ್ಸೈಡ್ ತಾಗಿದೊಡನೆ ಗುಳ್ಳೆ ಎದ್ದರೆ ಮೊದಲನೆಯದು. ಅದು ಮೊಲದ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿದರೆ ಬಹುಮಟ್ಟಿಗೆ ಸ್ಟೆಫಿಲೋಕಾಕಸ್ ಆರಿಯಸ್. ಗುಲಾಬಿ ಬಣ್ಣದ ಕಡ್ಡಿಗಳು ಕಂಡರೆ ಇ. ಕೋಲೈ ಅಥವಾ ಅದರ ಬಳಗವಿರಬಹುದು. ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಹೆಸರು ಗೊತ್ತಾದರೆ ನಿಮಗೇನು ಲಾಭ? ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೆ ಸಾಮಾನ್ಯವಾಗಿ ಪೆನಿಸಿಲಿನ್‌ಗೆ ಬಗ್ಗುತ್ತದೆ. ಆರಿಯಸ್‌ನ ಅನೇಕ ತಳಿಗಳು ಪೆನಿಸಿಲಿನ್ನನ್ನೇ ಒಡೆದುಹಾಕುತ್ತವೆ. ಯಾವ ಔಷಧಿ ನಾಟುತ್ತದೆಂದು ತಟ್ಟೆಯ ಮೇಲೆ ಔಷಧಿಯ ಬಿಲ್ಲೆಗಳನ್ನಿಟ್ಟು ನೋಡುತ್ತಾರೆ. ಆರಿಯಸ್ ಹಿಂಡುವ ಕೈಯಿಂದಲೇ ಹಸುವಿನಿಂದ ಹಸುವಿಗೆ ದಾಟುವುದರಿಂದ ಅಂಥ ಹಸುವನ್ನು ಕೊನೆಗೆ ಹಿಂಡಬೇಕು. ಇ. ಕೋಲೈ ಬರುವುದು ಸಗಣಿಯಿಂದ. ನಮ್ಮ ಸೊಪ್ಪಿನ ಕೊಟ್ಟಿಗೆ ಮಳೆಗಾಲದಲ್ಲಿ ಹೇಗಿರುತ್ತದೆಂದು ನಾನು ಹೇಳಬೇಕೆ? ಅಲ್ಲಿ ಹಾಸು ಬದಲಿಸದೆ ಬರೀ ಸೂಜಿ ಚುಚ್ಚಿಸಿದರೆ ಇನ್ನೊಂದು ಹಸು ಮಲಗುತ್ತದೆ.

ಮಾದರಿ ತೆಗೆಯುವಾಗ ಕೈ ತೊಳೆದು, ಮೊಲೆಯನ್ನೂ ತೊಳೆದು ಒಣಗಿಸಿ. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ. ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ, ನೆಲಕ್ಕಲ್ಲ. ಆಮೇಲೆ ಬಾಟಲಿಯನ್ನು ಓರೆಯಾಗಿ ಹಿಡಿದು, ಬಾಯಿ ತೊಟ್ಟಿಗೆ ತಾಗದಂತೆ 5ರಿಂದ 10 ಮಿ.ಲೀ. ಹಿಂಡಿ. ಬಾಟಲಿ ಕ್ರಿಮಿಶುದ್ಧವಾಗಿರಬೇಕು, ಕೆಮ್ಮಿನ ಔಷಧಿಯ ಖಾಲಿ ಸೀಸೆ ಬೇಡ. ಹಸುವಿನ ಕಿವಿಯೋಲೆ ಸಂಖ್ಯೆ, ಯಾವ ಮೊಲೆ, ದಿನಾಂಕ ಬರೆದು ಐಸಿನಲ್ಲಿಟ್ಟು ಅದೇ ದಿನ ಕಳಿಸಿ. ಹಿಂದೆ ಲಾಂಚಿಗಾಗಿ ಹೊಳೆಬಾಗಿಲಿನಲ್ಲಿ ಕಾಯಬೇಕಿತ್ತು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗಿದೆ, ಸಾಗರಕ್ಕೆ ನೇರ ದಾರಿಯಿದೆ.

ವರದಿ ಬರುವವರೆಗೆ ಹಸುವನ್ನು ಹಾಗೇ ಬಿಡಬೇಡಿ. ಮಾದರಿ ತೆಗೆದೊಡನೆ ವೈದ್ಯರು ಚಿಕಿತ್ಸೆ ಆರಂಭಿಸುತ್ತಾರೆ, ವರದಿ ನೋಡಿ ಬೇಕಾದರೆ ಔಷಧಿ ಬದಲಿಸುತ್ತಾರೆ. ಆ ದಿನಗಳ ಹಾಲನ್ನೂ, ಔಷಧಿ ಮುಗಿದ ಮೇಲೆ ವೈದ್ಯರು ಹೇಳಿದಷ್ಟು ದಿನದ ಹಾಲನ್ನೂ ಸಂಘದ ಕ್ಯಾನಿಗೆ ಹಾಕಬೇಡಿ.